ಶನಿವಾರ ಸಿನೆಮಾ ಹೇಳುತ್ತಿದ್ದವಳು

"ಅವರ ಮನಿಯವರು ಕಳಿಸಲಿಲ್ರಿ."

ನನ್ನ ಗೆಳತಿ ಸಿನೆಮಾ ಅಧ್ಯಯನದ ಎಂ.ಎ.ಗೆ ಯಾಕೆ ಹೋಗಲಿಲ್ಲ ಎಂದು ಶಹಾಪುರದಲ್ಲಿ ಯಾರನ್ನು ಕೇಳಿದರೂ ಈ ಉತ್ತರ ಸಿಗುತ್ತದೆ. ಹಳೆಯ ಸಹಪಾಠಿಗಳು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ, ಮಾತು ನಮ್ಮ ಆ ಶನಿವಾರದ ಕ್ಲಾಸಿನ ಕಡೆ ಹೊರಳಿದರೆ, ಯಾರಾದರೊಬ್ಬರು ತಲೆಯಾಡಿಸಿ, "ಭಾಳ ಶಾಣ್ಯಾ ಹುಡುಗಿ. ಆದ್ರ ಆ ಮಂದ್ಯಾಗ ಹೆಣ್ಣುಮಕ್ಕಳಿಗಿ ಎಲ್ಲಿ ಕಳಿಸ್ತಾರ? ಅದೂ ಸಿನೆಮಾ ಓದಾಕ!" ಎನ್ನುತ್ತಾರೆ. ಉಳಿದವರು ಹೌದೆನ್ನುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ.

ಈ ಮಾತಿಗೆ ನನ್ನ ತಕರಾರಿದೆ. ಅವಳ ಅಣ್ಣ ಸುರಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಆಯ್ಕೆಯ ದಿನ ಅಂಗಡಿಗೆ ಬೀಗ ಹಾಕಿ, ತಂಗಿಯ ಜೊತೆ ಬೆಳಗಿನ ಬಸ್ಸಿಗೇ ಶಹಾಪುರಕ್ಕೆ ಬಂದಿದ್ದ. ಅವಳ ಪಾಸ್‌ಪೋರ್ಟ್ ಅಳತೆಯ ಫೋಟೋಗಳು ಮುದುಡಬಾರದೆಂದು ಗಿರಾಕಿಗಳ ಅಳತೆ ಬರೆಯುವ ದಪ್ಪ ಪುಸ್ತಕದ ನಡುವೆ ಇಟ್ಟುಕೊಂಡಿದ್ದ. ಕಾಲೇಜಿನ ಬೇವಿನ ಮರದ ಕೆಳಗೆ ಆ ಪುಸ್ತಕವನ್ನು ಎದೆಗವಚಿಕೊಂಡು ನಿಂತವನನ್ನು ನಾನು ಕಣ್ಣಾರೆ ನೋಡಿದ್ದೇನೆ. ತಂಗಿಯನ್ನು ಕಳಿಸಬಾರದು ಎಂದುಕೊಂಡವನು ಹಾಗೆ ಬರುತ್ತಾನೆಯೇ? ಬರುವುದಿಲ್ಲ. ಹಾಗಾದರೆ ಅವಳನ್ನು ತಡೆದದ್ದು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ನನಗೆ ಗೊತ್ತು. ನಾನು ತಡೆದೆ. ಪೂರಾ ಐದು ನಿಮಿಷ, ಎರಡು ಪುಟದ ಸಾಕ್ಷ್ಯ ಹಿಡಿದು, ಒಂದೂ ತಪ್ಪಿಲ್ಲದೆ ಮಾತಾಡಿ ತಡೆದೆ.

ನಾನು ಯಾದಗಿರಿಯವಳು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಾಳಿಯ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುತ್ತ ಕೇಳುವುದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಅವ್ವ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ, "ಯಾವಾಗ ಹಾಕಿದಿ? ಯಾರು ನೋಡ್ಯಾರ?" ಎನ್ನುತ್ತಿದ್ದೆ. "ನಿನ್ನ ಗಂಡನ ಗತಿ ಏನಾದೀತೋ!" ಎಂದು ಅವ್ವ ನಗುತ್ತಿದ್ದಳು.

ಶಹಾಪುರದ ಕಾಲೇಜಿನಲ್ಲಿ ನಾವು ಕೊನೆಯ ವರ್ಷದಲ್ಲಿದ್ದಾಗ ಒಬ್ಬ ಅತಿಥಿ ಉಪನ್ಯಾಸಕರು ಬಂದರು. ಕಲಬುರಗಿಯವರು, ಇಂಗ್ಲಿಷ್ ಪಾಠ ಮಾಡುವವರು. ಅವರ ಚೀಲದಲ್ಲಿ ಯಾವಾಗಲೂ ಒಂದು ಹಾರ್ಡ್‌ಡಿಸ್ಕ್ ಇರುತ್ತಿತ್ತು. ಅದರ ತುಂಬ ನಾವು ಹೆಸರು ಕೇಳಿರದ ದೇಶಗಳ ಸಿನೆಮಾಗಳು. ಪ್ರಾಂಶುಪಾಲರನ್ನು ಒಪ್ಪಿಸಿ, ಸಮಕಾಲೀನ ವಿಶ್ವ ಸಿನೆಮಾ ಮತ್ತು ಅದರ ಸಾಂಸ್ಕೃತಿಕ ಹಿನ್ನೆಲೆ ಎಂದು ಒಂದು ಸರ್ಟಿಫಿಕೇಟ್ ಕೋರ್ಸ್ ಶುರುಮಾಡಿದರು. ಶನಿವಾರ ಅರ್ಧ ದಿನದ ಕ್ಲಾಸು ಮುಗಿದ ಮೇಲೆ ಸೆಮಿನಾರ್ ಹಾಲಿನಲ್ಲಿ ಸಿನೆಮಾ, ಸೋಮವಾರ ಅದರ ಮೇಲೆ ಚರ್ಚೆ. ಕಿಟಕಿಗಳಿಗೆ ಹಳೆಯ ಕಾರ್ಯಕ್ರಮಗಳ ಬ್ಯಾನರುಗಳನ್ನು ತಿರುವಿ ಕಟ್ಟಿ ಕತ್ತಲೆ ಮಾಡುತ್ತಿದ್ದೆವು. ಬಿಸಿಲು ಬ್ಯಾನರಿನ ಅಕ್ಷರಗಳ ಮೂಲಕ ಸೋಸಿ ಬಂದು, ಕಿಟಕಿಯಲ್ಲಿ 'ಹಾರ್ದಿಕ ಸ್ವಾಗತ' ಉಲ್ಟಾ ಮೂಡುತ್ತಿತ್ತು.

ಮೊದಲ ಶನಿವಾರವೇ ತೊಂದರೆ ಗೊತ್ತಾಯಿತು. ಸಿನೆಮಾದ ಭಾಷೆ ಯಾವುದೋ, ಕೆಳಗೆ ಬರುವುದು ಇಂಗ್ಲಿಷ್ ಸಬ್‌ಟೈಟಲ್. ನಾವೆಲ್ಲ ಕನ್ನಡದಲ್ಲಿ, ಉರ್ದುವಿನಲ್ಲಿ ಓದಿದವರು. ಒಂದು ಸಾಲು ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮೂರು ಸಾಲು ಹೋಗಿರುತ್ತಿದ್ದವು. ಅಕ್ಷರ ನೋಡಿದರೆ ಚಿತ್ರ ಇಲ್ಲ, ಚಿತ್ರ ನೋಡಿದರೆ ಅಕ್ಷರ ಇಲ್ಲ. ಸರ್ ಸಿನೆಮಾ ಹಚ್ಚಿಕೊಟ್ಟು ಎರಡು ಗಂಟೆಯ ಬಸ್ಸಿಗೆ ಕಲಬುರಗಿಗೆ ಹೋಗಿಬಿಡುತ್ತಿದ್ದರು, ಅವರ ಸಂಸಾರ ಅಲ್ಲಿತ್ತು. ಹಿಂದಿನ ಬೆಂಚಿನವರು ಮೊಬೈಲ್ ತೆಗೆದರು. ಆಗ ಅವಳು ಎದ್ದಳು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಪರದೆಯ ಪಕ್ಕಕ್ಕೆ ಹಾಕಿಕೊಂಡು, ಅರ್ಧ ನಮ್ಮ ಕಡೆ ಅರ್ಧ ಪರದೆಯ ಕಡೆ ತಿರುಗಿ ಕುಳಿತು, ಸ್ಪೀಕರಿನ ಸದ್ದು ಸ್ವಲ್ಪ ಇಳಿಸಿ, "ಕೇಳ್ರಿ ಇಲ್ಲಿ" ಎಂದು ಹೇಳತೊಡಗಿದಳು.

ಅವಳ ಮನೆಮಾತು ದಖನಿ. ಕನ್ನಡ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳು, ಇಂಗ್ಲಿಷನ್ನು ಕಣ್ಣಿನಿಂದಲೇ ನುಂಗುವಷ್ಟು ಬೇಗ ಓದುತ್ತಿದ್ದಳು. ಆದರೆ ಅವಳು ಮಾಡುತ್ತಿದ್ದದ್ದು ಬರೀ ಅನುವಾದ ಅಲ್ಲ. ಪರದೆಯ ಮೇಲೆ ಯಾವುದೋ ದೂರದ ದೇಶದ ಮನೆಯಲ್ಲಿ ನಾಲ್ಕು ಜನ ಮಾತಿಲ್ಲದೆ ಊಟ ಮಾಡುತ್ತಿದ್ದರೆ, "ಇವರು ಸಿಟ್ಟಾಗಿಲ್ರಿ. ಉಣ್ಣಾಗ ಮಾತಾಡಬಾರದು ಅಂತ ಇವರ ಕಡೆ ಪದ್ಧತಿ ಅದ. ನಮ್ಮ ಚಾಚಾ ಇದ್ದಂಗ ತಿಳೀರಿ" ಎನ್ನುತ್ತಿದ್ದಳು. ಇಬ್ಬರು ಅಪ್ಪಿಕೊಂಡರೆ ಹಿಂದಿನಿಂದ ಸಿಳ್ಳೆ ಬರುತ್ತಿತ್ತು. ಅವಳು ಕೈಯಲ್ಲಿದ್ದ ಪೆನ್ನನ್ನು ಆ ಕಡೆ ತೋರಿಸಿ, "ಅಕ್ಕ ತಮ್ಮ ಇದ್ದಾರಪಾ ಅವರು! ಹನ್ನೆರಡು ವರ್ಷಾದ ಮ್ಯಾಲ ಭೇಟಿ ಆಗ್ಯಾರ. ಈಗ ಹೊಡಿ ಸಿಳ್ಳಿ" ಎಂದರೆ, ಸಿಳ್ಳೆ ಹೊಡೆದವನು ಬೆಂಚಿನ ಕೆಳಗೆ ಹೋಗುತ್ತಿದ್ದ.

ಕರೆಂಟು ಹೋದರೆ ಹೇಳುವುದನ್ನು ನಿಲ್ಲಿಸುತ್ತಿರಲಿಲ್ಲ. ಮುಂದೆ ಏನಾಗಬಹುದು ಎಂದು ತಾನೇ ಕಟ್ಟಿ ಹೇಳುತ್ತಿದ್ದಳು. ಕರೆಂಟು ಬಂದ ಮೇಲೆ ಸಿನೆಮಾ ಅವಳು ಹೇಳಿದ ಹಾದಿಯಲ್ಲೇ ಹೋದರೆ ಹಾಲೆಲ್ಲ ಚಪ್ಪಾಳೆ. ಹೋಗದಿದ್ದರೆ, "ಈ ಡೈರೆಕ್ಟರ್‌ಗಿ ಏನೂ ತಿಳಿಯಂಗಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಒಂದೆರಡು ತಿಂಗಳಲ್ಲಿ ಬೇರೆ ವಿಭಾಗದವರೂ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂರತೊಡಗಿದರು.

ಕೂರುತ್ತಿದ್ದವರಲ್ಲಿ ಕಾಲೇಜಿನ ಆಯಮ್ಮನೂ ಒಬ್ಬಳು. ಕ್ಲಾಸು ಮುಗಿದ ಮೇಲೆ ಹಾಲು ಗುಡಿಸಿ ಬೀಗ ಹಾಕುವ ಕೆಲಸ ಅವಳದು. ಮೊದಮೊದಲು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಆಮೇಲೆ ಒಳಗೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಬೆಂಚಿನ ಮೇಲೆ ಕೂರು ಎಂದರೆ, "ಬ್ಯಾಡ ತಂಗಿ, ನಂಗ ನೆಲಾನ ಛಲೋ" ಎನ್ನುತ್ತಿದ್ದಳು. ಓದು ಬರಹ ಬಾರದು. ಅವಳ ಮಟ್ಟಿಗೆ ಆ ದೇಶಗಳೆಲ್ಲ ಇದ್ದದ್ದು ನನ್ನ ಗೆಳತಿಯ ಬಾಯಲ್ಲಿ. ಪರದೆಯ ಮೇಲಿನವರ ಜೊತೆ ಮಾತಾಡುತ್ತಿದ್ದಳು ಕೂಡ. "ಹೋಗಬ್ಯಾಡಪಾ, ಅವ ಛಲೋ ಇಲ್ಲ" ಎಂದು ಯಾವನೋ ವಿದೇಶಿ ಮುದುಕನಿಗೆ ಬುದ್ಧಿ ಹೇಳುತ್ತಿದ್ದಳು. ನಾವು ನಗುತ್ತಿದ್ದೆವು. ನನ್ನ ಗೆಳತಿ ಮಾತ್ರ, "ಹೇಳೇನಿ ಯವ್ವಾ, ಕೇಳವಲ್ಲ" ಎಂದು ಉತ್ತರ ಕೊಡುತ್ತಿದ್ದಳು.

ಕೋರ್ಸ್ ಮುಗಿಯುವ ಹೊತ್ತಿಗೆ ಸರ್ ಒಂದು ಸುದ್ದಿ ತಂದರು. ಅವರಿಗೆ ಪರಿಚಯದ ಪ್ರಾಧ್ಯಾಪಕರೊಬ್ಬರು ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಸಿನೆಮಾ ಅಧ್ಯಯನ ವಿಭಾಗ ನೋಡಿಕೊಳ್ಳುತ್ತಿದ್ದರು. ಅವರು ನಮ್ಮ ಕೊನೆಯ ಸೆಮಿನಾರಿಗೆ ಬಂದು, ವಿದ್ಯಾರ್ಥಿಗಳ ಮಾತು ಕೇಳಿ, ಒಬ್ಬರಿಗೆ ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರ ಇದ್ದರೆ ಎಂ.ಎ. ಸೀಟು, ಹಾಸ್ಟೆಲು ಎರಡೂ ಸಿಕ್ಕಂತೆ. ಒಬ್ಬರಿಗೆ ಮಾತ್ರ. ಅದು ಯಾರಿಗೆ ಎಂಬ ಬಗ್ಗೆ ಕ್ಲಾಸಿನಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ನನಗೂ. ಅಣ್ಣನನ್ನು ಹೇಗೆ ಒಪ್ಪಿಸಿದಳೆಂದು ಅವಳು ನನಗೆ ನಗುತ್ತ ಹೇಳಿದ್ದಳು. "ಮೊದಲು 'ನಕ್ಕೋ, ಬ್ಯಾಡ' ಅಂದ. ಅವನಿಗಿ ಕುಂದ್ರಿಸಿ ಒಂದು ಸಿನೆಮಾ ಪೂರಾ ಬಾಯಿಲೇ ಹೇಳಿದೆ. ಮಷಿನ್ ಬಿಟ್ಟು ಕೇಳಿದ. ಮುಗಿದ ಮ್ಯಾಲ, 'ಇದನ್ನ ಓದಾಕ ಕಾಲೇಜದ ಏನು?' ಅಂದ. ಅದ ಅಂದೆ. 'ಹೋಗು ಹಂಗಾದ್ರ' ಅಂದ."

ಆ ಸೆಮಿನಾರಿಗೆ ಎರಡು ವಾರ ಮೊದಲಿನ ಶನಿವಾರ ಕೊನೆಯ ಸಿನೆಮಾ. ಉತ್ತರದ ಯಾವುದೋ ಚಳಿ ದೇಶದ್ದು. ಹೆಪ್ಪುಗಟ್ಟಿದ ದೊಡ್ಡ ಸರೋವರ, ಈ ದಡದಲ್ಲಿ ತಾಯಿ ಮಗಳ ಮನೆ, ಆ ದಡದಲ್ಲಿ ಶಾಲೆ. ಹತ್ತು ವರ್ಷದ ಹುಡುಗಿ ದಿನಾ ಹಿಮದ ಮೇಲೆ ನಡೆದು ಹೋಗುತ್ತಾಳೆ. ಚಳಿಗಾಲ ಮುಗಿಯುತ್ತ ಬಂದಿರುತ್ತದೆ. ಒಂದು ಬೆಳಿಗ್ಗೆ ಅವಳು ಹೊರಡುತ್ತಾಳೆ, ಕ್ಯಾಮೆರಾ ಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ, ಹುಡುಗಿ ಚಿಕ್ಕದಾಗುತ್ತ ಚಿಕ್ಕದಾಗುತ್ತ ಬಿಳುಪಿನಲ್ಲಿ ಒಂದು ಚುಕ್ಕೆಯಾಗುತ್ತಾಳೆ. ಅಲ್ಲಿಗೆ ದೃಶ್ಯ ಕಡಿಯುತ್ತದೆ. ಬಿದ್ದದ್ದನ್ನು, ಮುಳುಗಿದ್ದನ್ನು ತೋರಿಸುವುದಿಲ್ಲ.

ಆ ಹುಡುಗಿ ಚುಕ್ಕೆಯಾಗುತ್ತಿದ್ದಾಗ ಹಿಂದಿನಿಂದ ಆಯಮ್ಮನ ದನಿ ಬಂತು. "ದಾಟತಾಳೇನವ್ವಾ ಆಕಿ?"

ನನ್ನ ಗೆಳತಿ ಉತ್ತರ ಕೊಡಲು ತಡಮಾಡಿದಳು. ಅಷ್ಟು ತಿಂಗಳಲ್ಲಿ ಅವಳು ತಡಮಾಡಿದ್ದು ಅದೊಂದೇ ಸಲ. ಆಮೇಲೆ, "ದಾಟತಾಳ ಯವ್ವಾ. ದಾಟಿದಳು" ಎಂದಳು.

ಅಲ್ಲಿಂದ ಮುಂದೆ ನಾವು ಕೇಳಿದ ಕಥೆ ಹೀಗಿತ್ತು. ಹಿಮ ಕರಗುವ ಕಾಲ ಆದ್ದರಿಂದ ಹುಡುಗಿ ಆ ದಡದ ಶಾಲೆಯಲ್ಲೇ ಉಳಿದಿದ್ದಾಳೆ. ತಾಯಿ ಈ ದಡದಲ್ಲಿ ಅವಳ ಕಾಗದಕ್ಕೆ ಕಾಯುತ್ತಿದ್ದಾಳೆ. ಊರಿನವರು ಬಂದು ಬಂದು, "ಈಗ ಅರ್ಧ ಹಿಮ ಅರ್ಧ ನೀರಾಗಿ ನಿಂತದ, ದೋಣಿ ನಡಿಯೂ ತನಕ ತಡಿ" ಎಂದು ಸಮಾಧಾನ ಹೇಳುತ್ತಾರೆ. ಸಿನೆಮಾ ಮುಗಿಯುವಾಗ ತಾಯಿ ದಡದಲ್ಲಿ ನಿಂತಿದ್ದಾಳೆ, ಮಗಳು ಬರುವ ದಾರಿ ನೋಡುತ್ತ. ನಾನೂ ಕೇಳಿದೆ, ನಂಬಿದೆ. ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಲೇ ಇದ್ದವು. ಅಷ್ಟು ಹೊತ್ತಿಗೆ ಅವನ್ನು ನೋಡುವುದನ್ನೇ ನಾವು ಬಿಟ್ಟಿದ್ದೆವು.

ಸೋಮವಾರ ಸರ್ ಕೇಳಿದರು: "ಆ ತಾಯಿಯ ದುಃಖವನ್ನ ನಿರ್ದೇಶಕರು ಹ್ಯಾಂಗ ತೋರಿಸ್ಯಾರ? ಯಾರು ಹೇಳ್ತೀರಿ?"

ನಾನೇ ಎದ್ದೆ, ಎಂದಿನಂತೆ. "ಸರ್, ಪ್ರಶ್ನೆನ ತಪ್ಪದ. ಅದು ದುಃಖ ಅಲ್ಲ, ಕಾಯೂದು. ದುಃಖಕ್ಕ ಕೊನಿ ಇರ್ತದ, ಕಾಯೂದಕ್ಕ ಇರಂಗಿಲ್ಲ. ಮಗಳು ಆ ದಂಡಿಗಿ ಸುಖವಾಗಿದ್ರೂ…"

"ಸುಖವಾಗಿದ್ದಾಳ?" ಸರ್ ಕನ್ನಡಕ ತೆಗೆದರು. "ಏನ್ರೀ, ಸಿನೆಮಾ ನೋಡೀರೋ, ನಿದ್ದಿ ಹೊಡದೀರೋ?"

ಇಡೀ ಕ್ಲಾಸು ನಕ್ಕಿತು. ಅವರೂ ನಾನು ಕೇಳಿದ ಕಥೆಯನ್ನೇ ಕೇಳಿದ್ದವರು, ಆದರೂ ನಕ್ಕರು. ವೇದಿಕೆಯ ಮೇಲೆ ನಾನು ಸೋತದ್ದುಂಟು. ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ತಿರುಗಿ ಅವಳನ್ನು ನೋಡಿದೆ. ಅವಳು ನೋಟ್‌ಬುಕ್ಕಿನ ಮೇಲೆ ಬಾಗಿ ಏನೋ ಬರೆಯುತ್ತಿದ್ದಳು.

ಸಂಜೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತ ಕೇಳಿದೆ, "ಯಾಕಲೇ ಹಂಗ ಹೇಳಿದಿ?" ನಮ್ಮ ಜೊತೆ, ನಾಲ್ಕು ಹೆಜ್ಜೆ ಹಿಂದೆ, ಆಯಮ್ಮನೂ ಕೈಚೀಲ ಹಿಡಿದು ಬರುತ್ತಿದ್ದಳು. ಅವಳ ಮನೆ ಊರಾಚೆ ಕೆನಾಲಿನ ಕಡೆ. ನನ್ನ ಗೆಳತಿ ಹಿಂದೆ ಒಮ್ಮೆ ನೋಡಿ, "ಆಮ್ಯಾಲ ಹೇಳ್ತೀನಿ, ಬಿಡು" ಎಂದಳು.

"ಈಗ ಹೇಳು."

"ಆಮ್ಯಾಲ ಅಂದೆಲ್ಲಲೇ. ನೀ ಕೋರ್ಟಿನ್ಯಾಗ ಹುಟ್ಟೀಯೇನು?"

ಉತ್ತರ ಇಲ್ಲದವರು ಕಾಲಾವಕಾಶ ಕೇಳುತ್ತಾರೆ ಎಂಬುದು ನನ್ನ ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಮರುದಿನ ಸರ್ ಹತ್ತಿರ ಆ ಸಿನೆಮಾವನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡೆ. ಕಂಪ್ಯೂಟರ್ ಲ್ಯಾಬಿನಲ್ಲಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಒಂದೊಂದು ಸಾಲಿಗೂ ಸಿನೆಮಾ ನಿಲ್ಲಿಸಿ ಬರೆದೆ. ಎಡಕ್ಕೆ ಸಬ್‌ಟೈಟಲ್ ಹೇಳಿದ್ದು, ಬಲಕ್ಕೆ ಅವಳು ಹೇಳಿದ್ದು. ಅವಳು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿತ್ತು, ಅವಳ ದನಿ ಹಾಗೆ ನಿಲ್ಲುತ್ತಿತ್ತು. ಎಡಗಡೆಯಲ್ಲಿ ಹುಡುಗಿ ಹಿಮ ಒಡೆದು ಒಳಗೆ ಹೋಗಿದ್ದಳು, ಊರಿನವರು ಹುಡುಕಿ ಹುಡುಕಿ ಕೈಬಿಟ್ಟಿದ್ದರು, ಹಿಮ ಕರಗಿದ ಮೇಲೆ ದೇಹ ಸಿಗುತ್ತದೆ ಎಂದು ತಾಯಿಗೆ ಹೇಳುತ್ತಿದ್ದರು. ತಾಯಿ ಕಾಯುತ್ತಿದ್ದದ್ದು ಅದಕ್ಕೆ. ಬಲಗಡೆಯಲ್ಲಿ ಕಾಗದ, ದೋಣಿ, ಶಾಲೆ.

ಆಮೇಲೆ ಅವಳನ್ನು ಇನ್ನೊಮ್ಮೆ ಕೇಳಿದೆನೇ? ಇಲ್ಲ. ಎರಡು ಪುಟ ತುಂಬಿದ್ದವು, ಕೇಳುವ ಅಗತ್ಯ ಕಾಣಲಿಲ್ಲ. ಇನ್ನೊಂದು ಕಾರಣವನ್ನೂ ಇಲ್ಲಿ ಬರೆಯಬೇಕು. ಆ ಪತ್ರ ನನಗೂ ಬೇಕಾಗಿತ್ತು. ಅವಳಿಗೇ ಸಿಗುತ್ತದೆ ಎಂದು ಗೊತ್ತಿದ್ದಷ್ಟು ದಿನ ಅದು ಬೇಕೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಸೆಮಿನಾರಿನ ದಿನ, ಅವಳ ಅಣ್ಣ ಬೇವಿನ ಮರದ ಕೆಳಗೆ ಕಾಯುತ್ತ ನಿಂತ ಆ ದಿನ, ಪ್ರಾಧ್ಯಾಪಕರು ಬಂದರು. ಅವಳು ಆರಿಸಿಕೊಂಡ ವಿಷಯ, ಪರದೇಶದ ಸಿನೆಮಾವನ್ನು ನಮ್ಮ ಮಾತಿನಲ್ಲಿ ಹೇಳುವುದು ಹೇಗೆ ಎಂಬುದು. ಚಹಾ ಕೊಡುವ ಪದ್ಧತಿಯಿಂದ ಹಿಡಿದು ಸತ್ತವರ ಮನೆಯಲ್ಲಿ ಯಾರು ಮೊದಲು ಮಾತಾಡುತ್ತಾರೆ ಎನ್ನುವವರೆಗೆ, ಹೇಳುವವಳು ಎಲ್ಲೆಲ್ಲಿ ನಿಂತು ಯೋಚಿಸಬೇಕಾಗುತ್ತದೆ ಎಂದು ಉದಾಹರಣೆ ಕೊಡುತ್ತ ಹೋದಳು. ಪ್ರಾಧ್ಯಾಪಕರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಪ್ರತಿಕ್ರಿಯೆ ನೀಡುವ ಸರದಿ ನನ್ನದು, ಐದು ನಿಮಿಷ.

ನಾನು ಎರಡು ಪುಟ ಬಿಡಿಸಿದೆ. ಎಡದ ಸಾಲು ಓದಿದೆ, ಬಲದ ಸಾಲು ಓದಿದೆ. ಪ್ರತಿ ಜೋಡಿಗೂ ಇಡೀ ಹಾಲ್ ಕಿಸಕ್ಕೆನ್ನುತ್ತಿತ್ತು. ಕರೆಂಟು ಹೋದಾಗಲೂ ಕಥೆ ಕಟ್ಟುತ್ತಿದ್ದಳೆಂದು ನೆನಪಿಸಿದೆ. "ಇಂಗ್ಲಿಷ್ ಬರದ ಅರವತ್ತು ಜನರ ಕಣ್ಣು ಇವರ ಕೈಯಲ್ಲಿತ್ತು. ಇವರು ಆ ಕಣ್ಣಿಗೆ ತಮಗೆ ಬೇಕಾದ್ದನ್ನು ತೋರಿಸಿದರು. ಇದನ್ನು ಸಾಂಸ್ಕೃತಿಕ ಅನುವಾದ ಎಂದು ಕರೆಯುವುದಾದರೆ, ಸುಳ್ಳಿಗೆ ಯಾವ ಹೆಸರು ಇಡೋಣ?" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಅವಳ ಕಥೆಗಳಿಗೆ ತಿಂಗಳುಗಟ್ಟಲೆ ಬಾಯಿ ಬಿಟ್ಟು ಕುಳಿತ ಅದೇ ಜನ ತಟ್ಟಿದರು.

ಚಪ್ಪಾಳೆ ನಿಂತಾಗ ಬಾಗಿಲಲ್ಲಿ ಆಯಮ್ಮ ನಿಂತಿದ್ದಳು. ಅತಿಥಿಗಳಿಗೆ ಚಹಾ ತಂದಿದ್ದಳು. ಟ್ರೇ ಹಿಡಿದುಕೊಂಡೇ ನನ್ನನ್ನು ಕೇಳಿದಳು, "ಹಂಗಾದ್ರ ಆ ಕೂಸು ದಾಟಲಿಲ್ಲೇನು ತಂಗಿ?"

ನಾನಿನ್ನೂ ವೇದಿಕೆಯ ಬಿಸಿಯಲ್ಲಿದ್ದೆ. "ಇಲ್ಲ ಯವ್ವಾ. ನಡು ನೀರಿನ್ಯಾಗ ಸತ್ತಾಳ. ನಿಮಗೆಲ್ಲ ಸುಳ್ಳು ಹೇಳ್ಯಾರ."

ಆಯಮ್ಮ ಟ್ರೇಯನ್ನು ಮೇಜಿನ ಮೇಲಿಟ್ಟಳು. ಒಂದೊಂದೇ ಕಪ್ಪನ್ನು ಅತಿಥಿಗಳ ಮುಂದೆ ಸರಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡು ಹಿಂದೆ ಹೋಗಿ ಗೋಡೆಗೆ ಒರಗಿದಳು.

ಪ್ರಾಧ್ಯಾಪಕರು ನನ್ನ ಗೆಳತಿಯ ಕಡೆ ತಿರುಗಿ ಮೃದುವಾಗಿಯೇ ಕೇಳಿದರು: "ಯಾಕಮ್ಮ ಬದಲಾಯಿಸಿದಿರಿ? ಕಾರಣ ಇದ್ದರೆ ಹೇಳಿ, ಕೇಳುತ್ತೇನೆ."

ಅವಳು ಬಾಯಿ ತೆರೆದಳು. ಅವಳ ಕಣ್ಣು ಹಿಂದಿನ ಗೋಡೆಯ ಕಡೆ ಹೋಯಿತು, ಮರಳಿ ಬಂತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ತಪ್ಪಾತ್ರಿ ಸರ್" ಎಂದಳು. "ಓದೂದರಾಗ ತಪ್ಪಾತು."

ಪ್ರಾಧ್ಯಾಪಕರು ಕಾಗದದ ಮೇಲೆ ಏನೋ ಗೀಚಿದರು. ನಾನು ಗೆದ್ದೆ ಎಂದುಕೊಂಡೆ.

ಸಂಜೆ ಯಾದಗಿರಿಯ ಬಸ್ಸಿನಲ್ಲಿ ನಮ್ಮ ಕಾಲೇಜಿನ ಕ್ಲರ್ಕ್ ನನ್ನ ಮುಂದಿನ ಸೀಟಿನಲ್ಲಿದ್ದರು. ಹಿಂದಕ್ಕೆ ತಿರುಗಿ, "ಏನವಾ, ಭಾಷಣ ಭಾರಿ ಆತಂತ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಬಸ್ಸು ಆಗ ಕೆನಾಲಿನ ಪಕ್ಕದಲ್ಲಿ ಹೋಗುತ್ತಿತ್ತು. ಭತ್ತಕ್ಕೆ ನೀರು ಬಿಟ್ಟಿದ್ದರು, ದಂಡೆಯ ಸಮಕ್ಕೆ ಹರಿಯುತ್ತಿತ್ತು.

"ಆಯಮ್ಮನ ಮಗಳ ಸುದ್ದಿ ನಿಂಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನಾನು ಯಾದಗಿರಿಯವಳು, ಬಸ್ಸಿಗೆ ಬಂದು ಬಸ್ಸಿಗೆ ಹೋಗುವವಳು.

"ಇದ ಕೆನಾಲ್ ನೋಡು. ಅರಿವಿ ಒಗಿಯಾಕ ಹೋಗಿತ್ತು ಹುಡುಗಿ. ಒಂಬತ್ತೋ ಹತ್ತೋ ವರ್ಷ. ಬುಟ್ಟಿ ದಂಡಿ ಮ್ಯಾಲ ಇತ್ತು, ಹುಡುಗಿ ಇಲ್ಲ. ಮುಂದಿನ ಗೇಟಿನ ತನಕ ಹುಡುಕಿದ್ರು, ಅದರ ಮುಂದಿನ ಗೇಟಿನ ತನಕ ಹುಡುಕಿದ್ರು. ಸಿಗಲಿಲ್ಲ. ಹೆಣ ಸಿಗದ್ದಕ್ಕ ಆಕಿ ಇನ್ನೂ ಮಣ್ಣು ಮಾಡಿಲ್ಲ, ದಿನ ಮಾಡಿಲ್ಲ, ಏನೂ ಮಾಡಿಲ್ಲ. ಯಾರರ ಎತ್ತಿ ಆ ಕಡಿ ದಂಡಿಗಿ ಹಾಕಿರಬೇಕು, ಎಲ್ಲೋ ಅದ ಅಂತಾಳ. ಇದು ನಿನ್ನ ಗೆಳತಿಗಿ ಗೊತ್ತಿತ್ತು. ದಿನಾ ಮಧ್ಯಾಹ್ನ ಆಕೀ ಸಂಗಾಟ ಕುಂತು ರೊಟ್ಟಿ ತಿಂತಿದ್ದಳಲ್ಲ ನಿನ್ನ ಗೆಳತಿ."

ಅವರು ಮುಂದಕ್ಕೆ ತಿರುಗಿಕೊಂಡರು. ಬೈದಿದ್ದರೆ ವಾದ ಮಾಡಬಹುದಿತ್ತು.

ಪತ್ರ ನನ್ನ ಹೆಸರಿಗೆ ಬಂತು. ಪ್ರಾಧ್ಯಾಪಕರಿಗೆ ನಿಜ ಹೇಳಿ ಬರೆಯಬೇಕೆಂದು ಕುಳಿತೆ. ಮೂರು ಸಲ ಬರೆದೆ. ಮೂರು ಸಲವೂ ಅದು ನನ್ನ ಪರ ವಾದವಾಗಿ ತಿರುಗಿತು. ನನಗೆ ಗೊತ್ತಿರಲಿಲ್ಲ, ಅವಳು ಹೇಳಬೇಕಿತ್ತು, ಎಡದ ಸಾಲು ಎಡದ ಸಾಲೇ. ಅರ್ಜಿಯ ಕೊನೆಯ ದಿನ ಬಂತು, ಅರ್ಜಿಗೆ ಸಹಿ ಮಾಡಿದೆ.

ಆಮೇಲೆ ಅವಳ ಅಣ್ಣ ಸಿಕ್ಕಿದ್ದ, ಶಹಾಪುರದಲ್ಲಿ. "ಆಕೀಗಿ ಏನ್ ಕಮ್ಮಿ ಬಿತ್ತು ತಂಗಿ? ನೀ ಆಕಿ ಗೆಳತಿ, ನಿನಗ ಗೊತ್ತಿರ್ತದ. ಆಕಿ ಏನೂ ಹೇಳವಲ್ಲಳು."

"ಪೈಪೋಟಿ ಭಾಳ ಇತ್ತು ಭಾಯಿ" ಎಂದೆ.

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಫೇಲ್ ಆದಳು ಅಂತ ಮಂದಿ ಅನ್ನಬಾರದು ನೋಡು. ಯಾರರ ಕೇಳಿದ್ರ ನಾವ ಕಳಿಸಲಿಲ್ಲ ಅಂತ ಹೇಳ್ತೀನಿ. ನೀನೂ ಹಂಗ ಹೇಳು." ತಂಗಿಯ ಮರ್ಯಾದೆ ಉಳಿಸಲು ಅಪವಾದವನ್ನು ತನ್ನ ಮೇಲೆ, ತನ್ನ ಮನೆಯ ಮೇಲೆ, ಇಡೀ ಓಣಿಯ ಮೇಲೆ ಎಳೆದುಕೊಂಡ. ಜನರಿಗೆ ಆ ಮಾತು ನಂಬಲು ಎಷ್ಟು ಸಲೀಸಾಗಿತ್ತೆಂದರೆ ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಾನು ಕೂಡ ಇಷ್ಟು ದಿನ ಅದನ್ನೇ ಹೇಳುತ್ತ ಬಂದೆ.

ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವೇ ಒಂದು ಪಾಠ ಬಂತು. ಸಿನೆಮಾಕ್ಕೆ ಮಾತು ಬಾರದ ಕಾಲದಲ್ಲಿ ಪೂರ್ವದ ಕೆಲವು ದೇಶಗಳಲ್ಲಿ ಪರದೆಯ ಪಕ್ಕದಲ್ಲಿ ಒಬ್ಬರು ಕುಳಿತು ಕಥೆ ಹೇಳುತ್ತಿದ್ದರು. ಪರದೇಶದ ಪದ್ಧತಿಗಳನ್ನು ತಮ್ಮ ಜನರಿಗೆ ಬಿಡಿಸುತ್ತಿದ್ದರು, ಎಲ್ಲ ಪಾತ್ರಗಳ ಮಾತು ತಾವೇ ಆಡುತ್ತಿದ್ದರು, ಎದುರು ಕುಳಿತವರನ್ನು ನೋಡಿ ಕಥೆಯನ್ನು ಹಿಗ್ಗಿಸುತ್ತಿದ್ದರು, ತಿರುವುತ್ತಿದ್ದರು. ಜನ ನಟರಿಗಿಂತ ಹೆಚ್ಚಾಗಿ ಅವರ ಹೆಸರು ನೋಡಿ ಬರುತ್ತಿದ್ದರಂತೆ. ಪಾಠ ಮಾಡುತ್ತಿದ್ದವರು ಅದೇ ಪ್ರಾಧ್ಯಾಪಕರು. "ಅವರನ್ನು ಕಲಾವಿದರೆಂದೇ ಪರಿಗಣಿಸಬೇಕು. ಯಾರಾದರೂ ಆಕ್ಷೇಪಿಸುತ್ತೀರಾ?" ಎಂದು ನನ್ನತ್ತ ನೋಡಿದರು. ಆಕ್ಷೇಪಿಸುವವಳೆಂದೇ ನನಗೆ ಅಲ್ಲಿ ಹೆಸರು. ನಾನು ತಲೆ ತಗ್ಗಿಸಿ ಬರೆದುಕೊಂಡೆ.

ಆ ಚಳಿ ದೇಶದ ಸಿನೆಮಾವನ್ನು ಅಲ್ಲಿ ಮತ್ತೆ ಮತ್ತೆ ನೋಡಿದೆ, ಸಬ್‌ಟೈಟಲ್ ಮುಚ್ಚಿ, ಸದ್ದು ತೆಗೆದು. ಹಿಂದೆ ಲ್ಯಾಬಿನಲ್ಲಿ ನಾನು ಅಕ್ಷರ ಮಾತ್ರ ನೋಡಿದ್ದೆ. ಈ ಸಲ ಚಿತ್ರ ನೋಡಿದೆ. ಹುಡುಗಿ ಹೋದ ಬೆಳಿಗ್ಗೆಯ ನಂತರ ತಾಯಿ ಮೊದಲ ಬಾರಿ ಅಡುಗೆಗೆ ಕೂರುವ ದೃಶ್ಯವಿದೆ. ಹಿಟ್ಟು ತೆಗೆಯಲು ಕೈ ಡಬ್ಬಿಗೆ ಹೋಗುತ್ತದೆ. ಅಭ್ಯಾಸದಂತೆ ಎರಡು ಹಿಡಿ ಹಾಕುತ್ತಾಳೆ. ನಿಲ್ಲುತ್ತಾಳೆ. ಒಂದು ಹಿಡಿಯನ್ನು ವಾಪಸ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂರುತ್ತಾಳೆ. ಊರಿಗೆ ಹೋದ ಮಕ್ಕಳ ಪಾಲಿನ ಹಿಟ್ಟನ್ನು ವಾಪಸ್ ಹಾಕಿ ಯಾವ ತಾಯಿಯೂ ಹಾಗೆ ಕೂರುವುದಿಲ್ಲ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ. ನನ್ನಂಥ ಹುಡುಗಿಗೆ ಹತ್ತನೆಯ ಸಲಕ್ಕೆ ಕಂಡದ್ದು, ದಿನಾ ಹಿಟ್ಟು ನಾದುವ ಆಯಮ್ಮನಿಗೆ ಎಷ್ಟನೆಯ ಸಲಕ್ಕೆ ಕಂಡೀತು?

ಅಂದರೆ ನನ್ನ ಇಡೀ ವಾದದ ಬುಡದಲ್ಲಿ ಒಂದು ಊಹೆ ಇತ್ತು, ಕೇಳುವವರು ಮೋಸ ಹೋಗಿದ್ದರು ಎಂಬ ಊಹೆ. ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ.

ರಜೆಯಲ್ಲಿ ಸುರಪುರಕ್ಕೆ ಹೋದೆ. ಅವಳು ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಳೆ. ಗೇಟಿನ ಹೊರಗೆ ಮಾತಾಡಿದೆವು. ಕ್ಷಮೆ ಕೇಳಲು ತಯಾರಿ ಮಾಡಿಕೊಂಡು ಹೋಗಿದ್ದೆ. ಅವಳು ಎರಡನೆಯ ವಾಕ್ಯಕ್ಕೇ ತಡೆದಳು. "ಏ, ಬಿಡಲೇ. ಪಾಯಿಂಟ್ ಮಾಡಿಕೊಂಡು ಬಂದೀಯೇನು ಇದಕ್ಕೂ?" ನಕ್ಕಳು. ಆ ನಗು ಮೊದಲಿನದಲ್ಲ. ಈಗ ಸಿನೆಮಾ ನೋಡುತ್ತೀಯಾ ಎಂದು ಕೇಳಿದೆ. "ಇಲ್ಲ" ಎಂದಳು.

"ಒಂದು ಹೇಳು. ಆಯಮ್ಮಗ ಅವತ್ತು ಗೊತ್ತಾಗಿತ್ತೇನು, ನೀ ಬ್ಯಾರೆ ಹೇಳಾಕತ್ತೀ ಅಂತ?"

"ನಂಗೇನು ಗೊತ್ತು? ನಾ ಆಕಿ ಮಾರಿ ನೋಡಲಿಲ್ಲ, ನೋಡಾಕ ಧೈರ್ಯ ಆಗಲಿಲ್ಲ." ಗಂಟೆ ಹೊಡೆಯಿತು. ಒಳಗೆ ಹೋಗುತ್ತ ತಿರುಗಿ, "ಆಕೀನ್ನ ಕೇಳು. ಆದ್ರ ಸಾಕ್ಷಿ ಕೇಳಿದಂಗ ಕೇಳಬ್ಯಾಡ" ಎಂದಳು.

ಶಹಾಪುರದಲ್ಲಿ ಇಳಿದಾಗ ಮಧ್ಯಾಹ್ನ ಮೀರಿತ್ತು. ಆ ಕೋರ್ಸ್ ನಮ್ಮ ನಂತರ ನಡೆಯಲಿಲ್ಲ. ಸೆಮಿನಾರ್ ಹಾಲಿನಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ್ದಾರೆ. ಆಯಮ್ಮ ವರಾಂಡಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಕಸಬರಿಗೆ ಕೆಳಗಿಟ್ಟಳು.

"ಯಾವಾಗ ಬಂದಿ ತಂಗಿ? ಎಷ್ಟು ಸಣ್ಣಾಗೀದಿ! ಅಲ್ಲಿ ರೊಟ್ಟಿ ಸಿಗಂಗಿಲ್ಲೇನು?"

"ಸಿಗ್ತಾವ ಯವ್ವಾ. ನಿನ್ನ ಕೈಯಾಗಿನಂಗ ಇರಂಗಿಲ್ಲ."

"ಅಲ್ಲೂ ಸಿನೆಮಾ ತೋರಿಸ್ತಾರಂತಲ್ಲ. ಯಾರು ಹೇಳ್ತಾರ ನಿಮಗ?"

"ಯಾರೂ ಹೇಳಂಗಿಲ್ಲ. ನಾವ ಓದಿಕೋತೀವಿ."

"ಅಯ್ಯ, ಅದೇನು ಮಜಾ!" ಎಂದು ಮೆಟ್ಟಿಲ ಮೇಲೆ ಕುಳಿತಳು. ನನಗೂ ಪಕ್ಕದಲ್ಲಿ ಕೂರಲು ಜಾಗ ಮಾಡಿದಳು. ಒದ್ದೆ ನೆಲದಿಂದ ಬಿಸಿ ಏಳುತ್ತಿತ್ತು. ಹೇಗೆ ಕೇಳಿದರೂ ಅದು ಸಾಕ್ಷಿ ಕೇಳಿದಂತೆಯೇ ಆಗುತ್ತಿತ್ತು, ನನಗೆ ಬೇರೆ ರೀತಿ ಬರುವುದಿಲ್ಲ. ಕೊನೆಗೆ ಅವಳ ಕಡೆ ನೋಡದೆ ಕೇಳಿದೆ.

"ಯವ್ವಾ, ಆ ಬರ್ಫಿನ ಕೆರಿ ಸಿನೆಮಾದಾಗ, ಆ ತಾಯಿ ಒಂದು ಹಿಡಿ ಹಿಟ್ಟು ತಿರುಗಿ ಡಬ್ಬಿಗಿ ಹಾಕಿದ್ದು ನೀ ನೋಡಿದ್ದಿಯೇನು?"